ನೆರೆಹೊರೆ ನೋಡಿ ಉರಿ ಹೇಳುವ ಕಂಪ್ಯೂಟರ್

ಎರಡು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳೋಣ. ಎರಡರಲ್ಲೂ ನೀರಿನಷ್ಟೇ ತಿಳಿಯಾದ ದ್ರವ. ಎರಡರ ಅಣುವಿನಲ್ಲೂ ಮೂರು ಇಂಗಾಲ, ಎಂಟು ಜಲಜನಕ, ಒಂದು ಆಮ್ಲಜನಕ. ಅಣುತೂಕ ಒಂದೇ, 60ರ ಆಸುಪಾಸು. ಒಂದರ ಹೆಸರು 1-ಪ್ರೊಪನಾಲ್, ಇನ್ನೊಂದರ ಹೆಸರು 2-ಪ್ರೊಪನಾಲ್. ಎರಡನೆಯದು ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನುವ ಹೆಸರಲ್ಲಿ ಸ್ಯಾನಿಟೈಸರ್ ಬಾಟಲಿಗಳ ಮೇಲೆ ನಿಮಗೆ ಕಂಡಿರಬಹುದು.

ಈಗ ಯುರೋಪಿನ ನಿಯಮದ ಪ್ರಕಾರ ಇವಕ್ಕೆ ಅಂಟಿಸುವ ಲೇಬಲ್ ನೋಡಿ. 2-ಪ್ರೊಪನಾಲ್ ಮೇಲೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅರ್ಥ: ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ, ಆದರೆ ವಾಸಿಯಾಗುತ್ತದೆ. 1-ಪ್ರೊಪನಾಲ್ ಮೇಲೆ ಕೈಯನ್ನೂ ಲೋಹವನ್ನೂ ತಿನ್ನುತ್ತಿರುವ ದ್ರವದ ಚಿತ್ರ. ಅರ್ಥ: ಕಣ್ಣಿಗೆ ಗಂಭೀರ ಹಾನಿ. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ವ್ಯತ್ಯಾಸ ಇಷ್ಟೇ: ಆಮ್ಲಜನಕ ಒಂದರಲ್ಲಿ ಸರಪಳಿಯ ತುದಿಗೆ ನೇತಾಡುತ್ತದೆ, ಇನ್ನೊಂದರಲ್ಲಿ ನಡುವೆ.

ಇವುಗಳ ಬಗ್ಗೆ ಏನೂ ಗೊತ್ತಿಲ್ಲದ ಕಂಪ್ಯೂಟರಿಗೆ ಬರೀ ಅಣುವಿನ ಚಿತ್ರ ಕೊಟ್ಟರೆ, ಯಾವುದು ಕಣ್ಣಿಗೆ ಜಾಸ್ತಿ ಕೆಟ್ಟದ್ದು ಅಂತ ಅದು ಹೇಳಬಲ್ಲದೇ? ಹೇಳುವ ಪ್ರಯತ್ನ ಹಲವು ದಶಕಗಳಿಂದ ನಡೆದಿದೆ. ಎಷ್ಟರಮಟ್ಟಿಗೆ ಸರಿ ಹೋಗಿದೆ, ಎಲ್ಲಿ ಎಡವುತ್ತದೆ ಅನ್ನುವುದು ಈ ಲೇಖನದ ವಿಷಯ. ಅದಕ್ಕೆ ಮೊದಲು ಮೊಲದ ಕಥೆ ಹೇಳಲೇಬೇಕು. ಯಾಕೆಂದರೆ ಕಂಪ್ಯೂಟರ್ ಕಲಿತಿದ್ದೆಲ್ಲ ಮೊಲದಿಂದಲೇ.

ಮೊಲದ ಕಣ್ಣು, ಮನುಷ್ಯರ ಅಂಕ

1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಅನ್ನುವ ಒಂದು ಬಣ್ಣ ಮಾರಾಟವಾಗುತ್ತಿತ್ತು. ರೆಪ್ಪೆಗೂದಲಿಗೆ ಹಚ್ಚುವ ಬಣ್ಣ. ಅದನ್ನು ಹಚ್ಚಿಸಿಕೊಂಡ ಕೆಲವು ಹೆಂಗಸರು ಕಣ್ಣು ಕಳೆದುಕೊಂಡರು. ಆಗ ಅಂಥ ವಸ್ತುವನ್ನು ತಡೆಯುವ ಕಾನೂನೇ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂತು. ಅದರ ಬೆನ್ನಿಗೇ, ಕಣ್ಣಿಗೆ ಏನಾಗುತ್ತದೆ ಅಂತ ಮೊದಲೇ ತಿಳಿಯಲು ಒಂದು ಪರೀಕ್ಷೆಯೂ ಬೇಕಾಯಿತು. 1944ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿದ್ದ ಜಾನ್ ಡ್ರೇಜ್ ಮತ್ತು ಜೊತೆಗಾರರು ಅಂಥದ್ದೊಂದನ್ನು ಪ್ರಕಟಿಸಿದರು. ಇವತ್ತಿಗೂ ಅದಕ್ಕೆ ಡ್ರೇಜ್ ಪರೀಕ್ಷೆ ಅಂತಲೇ ಹೆಸರು.

ವಿಧಾನ ಸರಳ, ಅಷ್ಟೇ ಕ್ರೂರ. ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರ್ ದ್ರವ ಬಿಡುತ್ತಾರೆ. ಇನ್ನೊಂದು ಕಣ್ಣು ಹೋಲಿಕೆಗೆ. ಒಂದು ಗಂಟೆ, ಒಂದು ದಿನ, ಎರಡು ದಿನ, ಮೂರು ದಿನಕ್ಕೆ ನೋಡುತ್ತಾರೆ. ಹಾನಿ ಉಳಿದಿದ್ದರೆ 21 ದಿನದವರೆಗೂ ಕಾಯುತ್ತಾರೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಎಷ್ಟು ಮಸುಕಾಗಿದೆ, ಒಳಗಿನ ಬಣ್ಣದ ಪಟಲಕ್ಕೆ ಏನಾಗಿದೆ, ಕಣ್ಣು ಎಷ್ಟು ಕೆಂಪಾಗಿ ಊದಿದೆ ಅನ್ನುವುದಕ್ಕೆ ಅಂಕ ಕೊಡುತ್ತಾರೆ. ಡ್ರೇಜ್ ಹಾಕಿದ ಲೆಕ್ಕದಲ್ಲಿ ಒಟ್ಟು 110 ಅಂಕ. ಅದರಲ್ಲಿ 80 ಕಾರ್ನಿಯಾ ಒಂದಕ್ಕೇ. ಕೆಂಪಾಗುವುದು ಒಂದು ತೊಂದರೆ, ದೃಷ್ಟಿ ಮಸುಕಾಗುವುದು ಬೇರೆಯೇ ತೊಂದರೆ, ಅಲ್ವಾ? ಆ ತೂಕ ಸರಿಯಾಗಿಯೇ ಇದೆ.

ಚರ್ಮದ ಪರೀಕ್ಷೆಯೂ ಇದೇ ದಾರಿ. ಬೋಳಿಸಿದ ಬೆನ್ನಿನ ಮೇಲೆ ನಾಲ್ಕು ಗಂಟೆ ವಸ್ತುವನ್ನು ಇಟ್ಟು, ಕೆಂಪಾಗುವುದಕ್ಕೆ 0ಯಿಂದ 4, ಊತಕ್ಕೆ 0ಯಿಂದ 4 ಅಂಕ ಕೊಡುತ್ತಾರೆ. ಮೂರು ಮೊಲಗಳಲ್ಲಿ ಎರಡರಲ್ಲಾದರೂ ಸರಾಸರಿ 2.3 ಮುಟ್ಟಿದರೆ ಅದು ಚರ್ಮ ಕೆರಳಿಸುವ ವಸ್ತು. ಚರ್ಮವನ್ನು ಪೂರ್ತಿ ಸುಟ್ಟು ಗಾಯ ಮಾಡಿದರೆ ಅದು ಇನ್ನೂ ಮೇಲಿನ ವರ್ಗ, 1ನೆಯ ವರ್ಗ. ಕಣ್ಣಿಗೂ ಹೀಗೇ: 21 ದಿನದೊಳಗೆ ವಾಸಿಯಾಗದಿದ್ದರೆ ವರ್ಗ 1, ಅಷ್ಟರೊಳಗೆ ವಾಸಿಯಾದರೆ 2ಎ, ಏಳೇ ದಿನದಲ್ಲಿ ವಾಸಿಯಾದರೆ 2ಬಿ. ನಮ್ಮ ಎರಡು ಬಾಟಲಿಗಳ ಲೇಬಲ್ ಬೇರೆಬೇರೆ ಆಗಿದ್ದು ಈ ಗೆರೆಯಿಂದಲೇ.

ಈಗ ಒಂದು ಇರುಸುಮುರುಸಿನ ವಿಷಯ. ಅಂಕ ಕೊಡುವುದು ಮನುಷ್ಯನ ಕಣ್ಣು. ಒಬ್ಬರಿಗೆ "ಸಾಧಾರಣ ಕೆಂಪು" ಅನಿಸಿದ್ದು ಇನ್ನೊಬ್ಬರಿಗೆ "ಜೋರು ಕೆಂಪು" ಅನಿಸಬಹುದು. 1971ರಲ್ಲೇ ವೈಲ್ ಮತ್ತು ಸ್ಕಾಲಾ ಅನ್ನುವ ಇಬ್ಬರು ಇಪ್ಪತ್ತಕ್ಕೂ ಹೆಚ್ಚು ಲ್ಯಾಬುಗಳಲ್ಲಿ ಒಂದೇ ವಸ್ತುಗಳನ್ನು ಪರೀಕ್ಷೆ ಮಾಡಿಸಿ, ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ತೋರಿಸಿದ್ದರು. 2016ರಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. ಯುರೋಪಿನ ರಾಸಾಯನಿಕ ನೋಂದಣಿ ಕಡತಗಳನ್ನು ಜಾಲಾಡಿ, ಒಂದಕ್ಕಿಂತ ಹೆಚ್ಚು ಸಲ ಮೊಲದ ಕಣ್ಣಿಗೆ ಬಿಟ್ಟಿದ್ದ 491 ವಸ್ತುಗಳನ್ನು ಹೆಕ್ಕಿದರು. ಮೊದಲ ಸಲ "ಗಂಭೀರ ಹಾನಿ" ಅಂತ ಬಂದ ವಸ್ತು ಎರಡನೇ ಸಲವೂ ಹಾಗೇ ಬರುವ ಸಾಧ್ಯತೆ 73 ಶೇಕಡ. ಏನೂ ಆಗಿಲ್ಲ ಅಂತ ಬರುವ ಸಾಧ್ಯತೆ ಸುಮಾರು 10 ಶೇಕಡ!

ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. "ಕಂಪ್ಯೂಟರ್ ಮಾದರಿ 80 ಶೇಕಡ ಸರಿ" ಅಂತ ಯಾರಾದರೂ ಹೇಳಿದಾಗ "ಅಷ್ಟೇನಾ?" ಅನ್ನುವ ಮೊದಲು ಯೋಚಿಸಬೇಕು. ಯಾವ ಅಳತೆಗೋಲಿಗೆ ಹೋಲಿಸಿ 80? ಅಳತೆಗೋಲೇ ಅಲ್ಲಾಡುತ್ತಿರುವಾಗ 100 ಬಂದರೆ ಅನುಮಾನ ಪಡಬೇಕಾದ್ದು ಮಾದರಿಯ ಮೇಲೆ.

ಉರಿಯುವುದು ಯಾಕೆ?

ಕಂಪ್ಯೂಟರಿಗೆ ಏನು ಕಲಿಸಬೇಕು ಅಂತ ಗೊತ್ತಾಗಬೇಕಾದರೆ, ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಬೇಕು.

ಚರ್ಮದ ಹೊರಪದರ ಒಂದು ಇಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ದಪ್ಪ ಬರೀ 10ರಿಂದ 20 ಮೈಕ್ರೋಮೀಟರ್. ಒಂದು ಮಿಲಿಮೀಟರನ್ನು ಐವತ್ತು ಭಾಗ ಮಾಡಿದರೆ ಅದರಲ್ಲಿ ಒಂದಂಶ. ಇಷ್ಟು ತೆಳ್ಳಗಿನ ಗೋಡೆ ಹೆಚ್ಚಿನ ವಸ್ತುಗಳನ್ನು ಹೊರಗೇ ನಿಲ್ಲಿಸುತ್ತದೆ. ಕಣ್ಣಿಗೆ ಈ ಗೋಡೆ ಇಲ್ಲ. ಕಾರ್ನಿಯಾ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ರಕ್ತನಾಳಗಳಿಲ್ಲ, ಮೇಲ್ಗಡೆ ಜೀವಂತ ಕೋಶಗಳೇ. ಮೇಲಿನ ಕೋಶಗಳು ಹೋದರೆ ಕೆಲವೇ ದಿನದಲ್ಲಿ ಮತ್ತೆ ಬೆಳೆಯುತ್ತವೆ. ತೀರಾ ಒಳಗಿನ ಪದರದ ಕೋಶಗಳು ಮನುಷ್ಯರಲ್ಲಿ ಹಾಗೆ ಮತ್ತೆ ಬೆಳೆಯುವುದಿಲ್ಲ. (ಮೊಲದಲ್ಲಿ ಸ್ವಲ್ಪ ಮಟ್ಟಿಗೆ ಬೆಳೆಯುತ್ತವೆ. ಮೊಲ ಮನುಷ್ಯನಲ್ಲ ಅನ್ನುವುದಕ್ಕೆ ಇದೊಂದು ಸಣ್ಣ ಸಾಕ್ಷಿ.) ಹಾಗಾಗಿ ಕಣ್ಣಿನ ವಿಷಯದಲ್ಲಿ ಪ್ರಶ್ನೆ ಒಂದೇ: ವಸ್ತು ಎಷ್ಟು ಆಳಕ್ಕೆ ಇಳಿಯಿತು?

ಒಳಗಿಳಿಯುವ ದಾರಿಗಳು ಹಲವು. ಆಮ್ಲ ಬಿದ್ದರೆ ಪ್ರೋಟೀನ್ ಹೆಪ್ಪುಗಟ್ಟುತ್ತದೆ. ವಿಚಿತ್ರವೆಂದರೆ ಆ ಹೆಪ್ಪೇ ಒಂದು ತಡೆಗೋಡೆಯಾಗಿ ಉಳಿದ ಆಮ್ಲವನ್ನು ಸ್ವಲ್ಪ ತಡೆಯುತ್ತದೆ. ಕ್ಷಾರಕ್ಕೆ ಆ ತಡೆ ಇಲ್ಲ. ಅದು ಕೊಬ್ಬನ್ನು ಸೋಪು ಮಾಡಿಕೊಂಡು ಒಳಗೆ ಹೋಗುತ್ತಲೇ ಇರುತ್ತದೆ. ಕಣ್ಣಿಗೆ ಕ್ಷಾರ ಬಿದ್ದರೆ ವೈದ್ಯರು ಜಾಸ್ತಿ ಗಾಬರಿಯಾಗುವುದು ಇದಕ್ಕೇ. ಅಸಿಟೋನ್‌ನಂಥ ದ್ರಾವಕಗಳು ಗೋಡೆಯ ಗಾರೆಯನ್ನೇ ತೊಳೆದು ತೆಗೆಯುತ್ತವೆ. ಅಕ್ರೊಲಿನ್‌ನಂಥ ಚುರುಕಾದ ಅಣುಗಳು ಪ್ರೋಟೀನಿಗೆ ನೇರವಾಗಿ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಹೈಡ್ರೊಜನ್ ಪೆರಾಕ್ಸೈಡ್ ಸಿಕ್ಕಿದ್ದನ್ನೆಲ್ಲ ಉತ್ಕರ್ಷಿಸುತ್ತದೆ.

ಸೋಪಿನ ಜಾತಿಯ ಅಣುಗಳದ್ದು ಬೇರೆಯೇ ಕತೆ. ಒಂದು ತುದಿ ನೀರನ್ನು ಇಷ್ಟಪಡುತ್ತದೆ, ಇನ್ನೊಂದು ತುದಿ ಕೊಬ್ಬನ್ನು. ಕೊಳೆಯನ್ನು ಎಬ್ಬಿಸುವ ಅದೇ ಗುಣ ಜೀವಕೋಶದ ಪೊರೆಯನ್ನೂ ಎಬ್ಬಿಸುತ್ತದೆ. ಇಲ್ಲಿ ಬಾಲದ ಉದ್ದ ಮುಖ್ಯ. ಹನ್ನೆರಡು ಇಂಗಾಲದ ಬಾಲವಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮವನ್ನು ಕೆರಳಿಸುವುದರಲ್ಲಿ ಎಷ್ಟು ಹೆಸರುವಾಸಿಯೆಂದರೆ, ಪ್ರಯೋಗಾಲಯಗಳಲ್ಲಿ "ಇದು ಖಂಡಿತ ಕೆರಳಿಸುತ್ತದೆ" ಅಂತ ಹೋಲಿಕೆಗೆ ಇಟ್ಟುಕೊಳ್ಳುವುದೇ ಅದನ್ನು. ಬಾಲ ಇನ್ನೂ ಗಿಡ್ಡವಾದರೂ ಉರಿ ಕಡಿಮೆ, ಇನ್ನೂ ಉದ್ದವಾದರೂ ಕಡಿಮೆ. ಏರಿ ಇಳಿಯುವ ಗುಡ್ಡದ ಹಾಗೆ. ನೇರ ಗೆರೆ ಎಳೆಯುವ ಸರಳ ಗಣಿತ ಇಲ್ಲಿ ಸೋಲುತ್ತದೆ.

ಇದೆಲ್ಲದರ ಮಧ್ಯೆ ಬರೀ ಉರಿ, ಗಾಯವಿಲ್ಲ ಅನ್ನುವ ವಸ್ತುಗಳೂ ಇವೆ. ಪೆಪ್ಪರ್ ಸ್ಪ್ರೇಯಲ್ಲಿರುವ ಕ್ಯಾಪ್ಸೈಸಿನ್ ನರದ ತುದಿಯಲ್ಲಿರುವ, ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನನ್ನು ಒತ್ತುತ್ತದೆ. ಮೆದುಳಿಗೆ "ಸುಡುತ್ತಿದೆ" ಅಂತ ಸುದ್ದಿ ಹೋಗುತ್ತದೆ. ಕೋಶಗಳು ಸಾಯಬೇಕಾಗಿಯೇ ಇಲ್ಲ. ಅಂದರೆ ನೋವು ಮತ್ತು ಹಾನಿ ಒಂದೇ ಅಲ್ಲ. ಅಲರ್ಜಿಯೂ ಬೇರೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಒಂದು ವಸ್ತುವನ್ನು ಗುರುತಿಟ್ಟುಕೊಂಡು ಮುಂದಿನ ಸಲ ಸಿಟ್ಟಾಗುತ್ತದೆ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ "ಉರಿ" ಅಂತ ಕಂಪ್ಯೂಟರಿಗೆ ಕಲಿಸಿದರೆ ಅದಕ್ಕೆ ತಲೆಕೆಡುವುದು ಖಂಡಿತ.

ಅಣುವನ್ನು ಓದಿಸುವುದು

ಕಂಪ್ಯೂಟರಿಗೆ ಅಣು ಕಾಣುವುದಿಲ್ಲ, ಅಕ್ಷರ ಕಾಣುತ್ತದೆ. 1980ರ ದಶಕದಲ್ಲಿ ಡೇವಿಡ್ ವೈನಿಂಗರ್ ಒಂದು ಜಾಣ ಬರವಣಿಗೆ ಮಾಡಿದರು, ಸ್ಮೈಲ್ಸ್ ಅಂತ ಹೆಸರು. ಇಂಗಾಲಕ್ಕೆ ಸಿ, ಆಮ್ಲಜನಕಕ್ಕೆ ಒ. ಜಲಜನಕ ಬರೆಯುವುದೇ ಬೇಡ, ಎಷ್ಟು ಇರಬೇಕು ಅಂತ ಲೆಕ್ಕದಿಂದ ಗೊತ್ತಾಗುತ್ತದೆ. ಎಥನಾಲ್ ಅಂದರೆ ಸಿಸಿಒ, ಮುಗೀತು. 1-ಪ್ರೊಪನಾಲ್ ಅಂದರೆ ಸಿಸಿಸಿಒ. 2-ಪ್ರೊಪನಾಲ್‌ಗೆ ಮಾತ್ರ ಕೊಂಬೆ ತೋರಿಸಲು ನಡುವೆ ಒಂದು ಆವರಣ ಚಿಹ್ನೆ.

ಈ ಅಕ್ಷರಗಳಿಂದ ಎರಡು ಬಗೆಯ ಮಾಹಿತಿ ತೆಗೆಯುತ್ತಾರೆ. ಒಂದು, ಇಡೀ ಅಣುವಿನ ಗುಣ. ಅದರಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನದು ಎಣ್ಣೆ-ನೀರಿನ ಒಲವು. ಒಂದು ಪಾತ್ರೆಯಲ್ಲಿ ನೀರು, ಮೇಲೆ ಆಕ್ಟನಾಲ್ ಅನ್ನುವ ಎಣ್ಣೆಯಂಥ ದ್ರವ. ಅದಕ್ಕೆ ನಮ್ಮ ವಸ್ತು ಹಾಕಿ ಕುಲುಕಿದರೆ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಉಳಿಯಿತು? ಆ ಅನುಪಾತದ ಲಾಗರಿದಮ್ಮೇ ಲಾಗ್-ಪಿ. ಸೊನ್ನೆ ಅಂದರೆ ಸಮ, 1 ಅಂದರೆ ಎಣ್ಣೆಯಲ್ಲಿ ಹತ್ತು ಪಟ್ಟು ಜಾಸ್ತಿ. ಅಮೆರಿಕದ ಪೊಮೋನಾ ಕಾಲೇಜಿನ ಕಾರ್ವಿನ್ ಹಾನ್ಶ್ 1960ರ ದಶಕದಲ್ಲಿ ಈ ಒಂದು ಸಂಖ್ಯೆಯನ್ನು ಹಿಡಿದುಕೊಂಡು, ಅಣುವಿನ ರಚನೆಗೂ ಅದರ ಪರಿಣಾಮಕ್ಕೂ ಸಮೀಕರಣ ಬರೆಯಬಹುದು ಅಂತ ತೋರಿಸಿದರು. ಈ ಕ್ಷೇತ್ರ ಶುರುವಾಗಿದ್ದೇ ಅಲ್ಲಿಂದ ಅನ್ನಬಹುದು. 1992ರಲ್ಲಿ ಪಾಟ್ಸ್ ಮತ್ತು ಗೈ ಅನ್ನುವವರು ಲಾಗ್-ಪಿ ಮತ್ತು ಅಣುತೂಕ, ಎರಡೇ ಸಂಖ್ಯೆಯಿಂದ ವಸ್ತು ಎಷ್ಟು ಬೇಗ ಚರ್ಮ ದಾಟುತ್ತದೆ ಅಂತ ಅಂದಾಜು ಮಾಡುವ ಸೂತ್ರ ಕೊಟ್ಟರು. ಚರ್ಮ ದಾಟಿದ ಮಾತ್ರಕ್ಕೆ ಚರ್ಮ ಕೆರಳುತ್ತದೆ ಅಂತೇನಿಲ್ಲ, ಆದರೆ ದಾಟದೆ ಕೆರಳಿಸುವುದು ಕಷ್ಟ.

ನಮ್ಮ ಎರಡು ಬಾಟಲಿಗಳ ಲಾಗ್-ಪಿ? 1-ಪ್ರೊಪನಾಲ್‌ಗೆ 0.25, 2-ಪ್ರೊಪನಾಲ್‌ಗೆ 0.05. ಇಷ್ಟು ಸಣ್ಣ ವ್ಯತ್ಯಾಸದಿಂದ ಲೇಬಲ್ ಬದಲಾಗುತ್ತದೆ ಅಂತ ಯಾರೂ ಹೇಳಲಾರರು.

ಇನ್ನೊಂದು ಬಗೆಯ ಮಾಹಿತಿ ತುಣುಕುಗಳದ್ದು. ಪ್ರತಿ ಪರಮಾಣುವಿನ ಬಳಿ ನಿಂತು, "ನಾನು ಯಾರು, ನನ್ನ ಪಕ್ಕದಲ್ಲಿ ಯಾರು?" ಅಂತ ಬರೆದುಕೊಳ್ಳುತ್ತಾ ಹೋಗುವುದು. ಆ ಪಟ್ಟಿಯೇ ಅಣುವಿನ ಬೆರಳಚ್ಚು. ಪ್ರೋಗ್ರಾಂಗಳಲ್ಲಿ ಇದನ್ನು ಸಾಮಾನ್ಯವಾಗಿ 1024 ಅಥವಾ 2048 ಮನೆಗಳ ಸಾಲಾಗಿ ಇಡುತ್ತಾರೆ. ತುಣುಕು ಇದ್ದರೆ 1, ಇಲ್ಲದಿದ್ದರೆ 0. ಎರಡು ಅಣುಗಳ ಹೋಲಿಕೆಗೆ ಟ್ಯಾನಿಮೋಟೋ ಅಂಕ ಅಂತ ಒಂದಿದೆ: ಎರಡರಲ್ಲೂ ಇರುವ ತುಣುಕುಗಳನ್ನು, ಎರಡರಲ್ಲಿ ಯಾವುದರಲ್ಲಾದರೂ ಇರುವ ಒಟ್ಟು ತುಣುಕುಗಳಿಂದ ಭಾಗಿಸುವುದು. 1 ಬಂದರೆ ಬೆರಳಚ್ಚು ಒಂದೇ, 0 ಬಂದರೆ ಸಂಬಂಧವೇ ಇಲ್ಲ.

ಸಣ್ಣ ಅಣುಗಳಿಗೆ ಇದನ್ನು ಕೈಯಲ್ಲೇ ಮಾಡಬಹುದು. ಒಂದು ಹೆಜ್ಜೆ ದೂರದ ನೆರೆಯನ್ನು ಮಾತ್ರ ನೋಡಿ ಎಣಿಸಿದೆ. 1-ಪ್ರೊಪನಾಲ್‌ನಲ್ಲಿ 7 ಬೇರೆಬೇರೆ ತುಣುಕು, 2-ಪ್ರೊಪನಾಲ್‌ನಲ್ಲಿ 6. ಎರಡರಲ್ಲೂ ಇರುವುದು? ಎರಡೇ! ಬರೀ "ತುದಿಯ ಇಂಗಾಲ", ಬರೀ "ಆಮ್ಲಜನಕ". ಅವುಗಳ ಪಕ್ಕ ಯಾರಿದ್ದಾರೆ ಅಂತ ಕೇಳಿದ ತಕ್ಷಣ ಉತ್ತರ ಬೇರೆಯಾಗುತ್ತದೆ, ಯಾಕೆಂದರೆ ನಡುವಿನ ಇಂಗಾಲದ ಜಲಜನಕ ಎರಡರಿಂದ ಒಂದಕ್ಕೆ ಇಳಿದಿದೆ. ಹಾಗಾಗಿ ಅಂಕ 2 ಭಾಗಿಸು 11, ಅಂದರೆ 0.18. ನಮ್ಮ ಕಣ್ಣಿಗೆ ಅವಳಿಗಳಂತೆ ಕಂಡವು ಕಂಪ್ಯೂಟರಿನ ಈ ಲೆಕ್ಕದಲ್ಲಿ ದೂರದ ನೆಂಟರೂ ಅಲ್ಲ. ಮೊದಲ ಸಲ ಎಣಿಸಿದಾಗ ತಪ್ಪಾಯಿತೇನೋ ಅಂತ ಮತ್ತೆ ಎಣಿಸಿದೆ.

ಊಹಿಸುವ ಮೂರು ದಾರಿ

ಹಳೆಯ ದಾರಿ ನಿಯಮಗಳದ್ದು. ಅನುಭವಸ್ಥ ರಸಾಯನಶಾಸ್ತ್ರಜ್ಞರು ತಮ್ಮ ತಿಳಿವನ್ನು "ಹೀಗಿದ್ದರೆ ಹಾಗೆ" ಅಂತ ಬರೆದಿಡುವುದು. ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 11.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂದೆ ಯೋಚಿಸುವುದೇ ಬೇಡ, ಸುಡುತ್ತದೆ ಅಂತಲೇ ಹಿಡಿಯಿರಿ ಅನ್ನುವುದು ಇದರಲ್ಲಿ ತೀರಾ ಸರಳವಾದದ್ದು. ಆಸಿಡ್ ಕ್ಲೋರೈಡ್ ತುಣುಕು ಇದೆಯೇ? ಹಾಗಾದರೆ ಕಣ್ಣಿನ ತೇವಕ್ಕೆ ತಾಗಿದ ಕೂಡಲೇ ಹೈಡ್ರೊಕ್ಲೋರಿಕ್ ಆಮ್ಲ ಬಿಡುತ್ತದೆ, ಎಚ್ಚರ.

ಜರ್ಮನಿಯ ಸರ್ಕಾರಿ ಅಪಾಯ ಅಂದಾಜು ಸಂಸ್ಥೆ ಬಿಎಫ್‌ಆರ್ ಇಂಥ ನಿಯಮಗಳ ದೊಡ್ಡ ಕಟ್ಟನ್ನೇ ಮಾಡಿತು. ಅದರಲ್ಲಿ ನನಗೆ ಇಷ್ಟವಾಗುವುದು ಎರಡು ಬಗೆಯ ನಿಯಮಗಳನ್ನು ಬೇರೆ ಇಟ್ಟಿರುವುದು. ತುಣುಕು ನೋಡಿ "ಇದು ಕೆರಳಿಸುತ್ತದೆ" ಅನ್ನುವ ನಿಯಮಗಳು ಒಂದು ಕಡೆ. ಕರಗುವ ಬಿಂದು, ನೀರಲ್ಲಿ ಕರಗುವಿಕೆ, ಲಾಗ್-ಪಿ ಇಂಥವುಗಳನ್ನು ನೋಡಿ "ಇದು ಕೆರಳಿಸಲಾರದು" ಅನ್ನುವ ನಿಯಮಗಳು ಇನ್ನೊಂದು ಕಡೆ. ತೀರಾ ಜಾಸ್ತಿ ಬಿಸಿಯಲ್ಲಷ್ಟೇ ಕರಗುವ, ನೀರಿಗೂ ಬೆರೆಯದ ಗಟ್ಟಿ ಪುಡಿ ಕೋಶದ ಒಳಗೆ ಹೋಗುವುದಾದರೂ ಹೇಗೆ? ಎರಡೂ ಕಡೆ ಸೇರದಿದ್ದರೆ ಉತ್ತರ "ಗೊತ್ತಿಲ್ಲ". ಟಾಕ್ಸ್‌ಟ್ರೀ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಈ ನಿಯಮಗಳಿವೆ. ಸ್ಮೈಲ್ಸ್ ಬರೆದು ಗುಂಡಿ ಒತ್ತಿದರೆ ಯಾವ ಪ್ರಶ್ನೆಗೆ ಹೌದು, ಯಾವುದಕ್ಕೆ ಇಲ್ಲ ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಕುತೂಹಲವಿದ್ದವರು ಸುಮ್ನೆ ಆಡಿ ನೋಡಬಹುದು.

ಎರಡನೆಯ ದಾರಿ ಯಂತ್ರಕಲಿಕೆ. ನಿಯಮ ನಾವು ಬರೆಯುವುದಿಲ್ಲ. ಸಾವಿರಾರು ವಸ್ತುಗಳ ಬೆರಳಚ್ಚು ಮತ್ತು ಮೊಲದ ಅಂಕ ಎರಡನ್ನೂ ಕೊಟ್ಟು, ನೀನೇ ಹುಡುಕಿಕೋ ಅನ್ನುತ್ತೇವೆ. ರ್‍ಯಾಂಡಮ್ ಫಾರೆಸ್ಟ್ ಅನ್ನುವ ವಿಧಾನ ಇಲ್ಲಿ ತುಂಬಾ ಬಳಕೆಯಲ್ಲಿದೆ. ನೂರಾರು ಪ್ರಶ್ನೆ-ಮರಗಳನ್ನು ಬೆಳೆಸಿ, ಪ್ರತಿ ಮರಕ್ಕೂ ಮಾಹಿತಿಯ ಒಂದೊಂದು ಭಾಗ ಮಾತ್ರ ತೋರಿಸಿ, ಕೊನೆಗೆ ಎಲ್ಲವುಗಳ ವೋಟು ಎಣಿಸುವುದು. ಒಂದು ಮರ ದಾರಿ ತಪ್ಪಿದರೂ ಕಾಡು ತಪ್ಪುವುದಿಲ್ಲ ಅನ್ನುವ ನಂಬಿಕೆ. ನರಜಾಲಗಳೂ ಬಂದಿವೆ. ಆದರೆ ಅವು ಚೆನ್ನಾಗಿ ಕಲಿಯಲು ತುಂಬಾ ಉದಾಹರಣೆ ಬೇಕು, ಮೊಲದ ಅಂಕಗಳು ಅಷ್ಟು ಇಲ್ಲ. ಇರಬೇಕು ಅಂತ ಬಯಸುವುದೂ ತಪ್ಪು.

ಮೂರನೆಯದು ನೆರೆಯವರನ್ನು ಕೇಳುವುದು. ಹೊಸ ಅಣು ಬಂತು. ಅದಕ್ಕೆ ಹತ್ತಿರದ, ಈಗಾಗಲೇ ಪರೀಕ್ಷೆಯಾದ ಅಣುಗಳು ಯಾವುವು? ಅವು ಕೆರಳಿಸಿದ್ದರೆ ಇದೂ ಕೆರಳಿಸುತ್ತದೆ. ಕೇಳಲು ತೀರಾ ಸರಳ, ಆದರೆ ನಿಯಂತ್ರಣ ಸಂಸ್ಥೆಗಳ ಮುಂದೆ ಹೆಚ್ಚು ಓಡುವುದು ಇದೇ, ಯಾಕೆಂದರೆ ತರ್ಕ ಎದುರಿಗೇ ಕಾಣುತ್ತದೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಮತ್ತು ಯುರೋಪಿನ ರಾಸಾಯನಿಕ ಸಂಸ್ಥೆ ಸೇರಿ ಉಚಿತವಾಗಿ ಕೊಡುವ, ಅಣುವಿನ ರಚನೆಯಿಂದ ಪರಿಣಾಮ ಊಹಿಸುವ ಪ್ರೋಗ್ರಾಂ ಕ್ಯೂಸಾರ್ ಟೂಲ್‌ಬಾಕ್ಸ್‌ನ ಜೀವಾಳ ಇದು. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಥಾಮಸ್ ಹಾರ್ಟುಂಗ್ ಅವರ ತಂಡ ಇದನ್ನೇ ಯಂತ್ರಕಲಿಕೆಯ ಜೊತೆ ಬೆಸೆದು, ಸುಮಾರು 10,000 ರಾಸಾಯನಿಕಗಳ ಮಾಹಿತಿಯ ಮೇಲೆ ಓಡಿಸಿತು. ಕಣ್ಣು, ಚರ್ಮ ಸೇರಿ ಒಂಬತ್ತು ಬಗೆಯ ಅಪಾಯಗಳಲ್ಲಿ ಸಮತೋಲಿತ ನಿಖರತೆ 80ರಿಂದ 95 ಶೇಕಡ ಬಂತು. ಪ್ರಾಣಿಗಳ ಮೇಲಿನ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿದರೆ ಸಿಗುವುದಕ್ಕಿಂತ ಇದು ವಾಸಿ ಅಂತ ಅವರು ಬರೆದರು. ಸುದ್ದಿ ದೊಡ್ಡದಾಯಿತು, ವಿಧಾನವನ್ನು ಪ್ರಶ್ನಿಸಿ ಬೇರೆ ವಿಜ್ಞಾನಿಗಳು ಬರೆದರು. ಆ ಜಗಳ ಒಳ್ಳೆಯದೇ.

ಸಮತೋಲಿತ ನಿಖರತೆ ಅನ್ನುವ ಪದವನ್ನು ಹಾಗೇ ಬಿಟ್ಟು ಮುಂದೆ ಹೋಗಬಾರದು. ಕಡತದಲ್ಲಿರುವ ಹೆಚ್ಚಿನ ವಸ್ತುಗಳು ಕಣ್ಣಿಗೆ ಏನೂ ಮಾಡದವು. ನೂರರಲ್ಲಿ ಎಂಬತ್ತು ಹಾಗಿವೆ ಅಂತ ಇಟ್ಟುಕೊಳ್ಳಿ. ಆಗ ನಾನು ಏನೂ ನೋಡದೆ ಎಲ್ಲದಕ್ಕೂ "ಏನೂ ಆಗಲ್ಲ" ಅಂತ ಹೇಳಿದರೂ 80 ಶೇಕಡ ಸರಿ! ಆದರೆ ಅಪಾಯಕಾರಿಯಾದ ಇಪ್ಪತ್ತರಲ್ಲಿ ಒಂದನ್ನೂ ಹಿಡಿದಿಲ್ಲ. ಅದಕ್ಕೇ ಕೆರಳಿಸುವವುಗಳಲ್ಲಿ ಎಷ್ಟನ್ನು ಹಿಡಿದೆ, ಕೆರಳಿಸದವುಗಳಲ್ಲಿ ಎಷ್ಟನ್ನು ಬಿಟ್ಟೆ ಅಂತ ಬೇರೆಬೇರೆ ನೋಡಿ ಸರಾಸರಿ ತೆಗೆಯುವುದು. ಈ ಲೆಕ್ಕದಲ್ಲಿ ನನ್ನ ಸೋಮಾರಿ ಮಾದರಿಗೆ ಬರುವುದು 50, ನಾಣ್ಯ ಚಿಮ್ಮಿದಷ್ಟೇ. ಯಾವುದೇ ಸಾಫ್ಟ್‌ವೇರಿನ ಜಾಹೀರಾತಿನಲ್ಲಿ ಬರೀ "ನಿಖರತೆ" ಅಂತಿದ್ದರೆ ಈ ಪ್ರಶ್ನೆ ಕೇಳಿ.

ಚಿತ್ರದಲ್ಲಿ ಇಲ್ಲದ್ದು

ಅಣುವಿನ ಚಿತ್ರದಲ್ಲಿ ಕಾಣದ ಸಂಗತಿಗಳೂ ಇವೆ. ಮೊದಲನೆಯದು ಪ್ರಮಾಣ. ಅಸಿಟಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಯುರೋಪಿನ ಪಟ್ಟಿಯಲ್ಲಿ 90 ಶೇಕಡ ಮತ್ತು ಮೇಲ್ಪಟ್ಟ ದ್ರಾವಣ ಚರ್ಮ ಸುಡುವವುಗಳಲ್ಲೇ ತೀರಾ ಕೆಟ್ಟ ಉಪವರ್ಗ. 25ರಿಂದ 90ರ ನಡುವೆ ಅದರ ಕೆಳಗಿನದು. 10ರಿಂದ 25ರ ನಡುವೆ ಬರೀ ಕೆರಳಿಕೆ. ಅಣು ಒಂದೇ, ಸ್ಮೈಲ್ಸ್ ಒಂದೇ, ಬೆರಳಚ್ಚು ಒಂದೇ. ಎಷ್ಟು ನೀರು ಬೆರೆಸಿದ್ದೀರಿ ಅಂತ ಕಂಪ್ಯೂಟರಿಗೆ ಯಾರೂ ಹೇಳಿಲ್ಲ.

ಎರಡನೆಯದು ಮಿಶ್ರಣ. ಶಾಂಪೂ ಒಂದು ಅಣುವಲ್ಲ. ಸೋಪಿನ ಜಾತಿಯ ಎರಡು ವಸ್ತುಗಳನ್ನು ಬೆರೆಸಿದರೆ ಅವುಗಳ ಅಣುಗಳು ಒಟ್ಟಿಗೆ ಗುಂಪು ಕಟ್ಟಿಕೊಳ್ಳುತ್ತವೆ, ಒಂಟಿಯಾಗಿ ಅಲೆಯುವ ಅಣು ಕಡಿಮೆಯಾಗುತ್ತದೆ, ಉರಿಯೂ ತಗ್ಗುತ್ತದೆ. ಮಕ್ಕಳ ಶಾಂಪೂ ಕಣ್ಣಿಗೆ ಮೆತ್ತಗಿರುವುದರ ಹಿಂದೆ ಈ ಉಪಾಯವೂ ಇದೆ. ಒಂದೊಂದೇ ಅಣು ನೋಡುವ ಮಾದರಿಗೆ ಇದು ಕಾಣುವುದಿಲ್ಲ. ಕಲ್ಮಶಗಳು, ಲವಣಗಳು, ಪುಡಿಯ ಚೂಪು ಅಂಚು ಕಣ್ಣಿಗೆ ಉಜ್ಜುವುದು, ಇವೂ ಹಾಗೇ.

ಮೂರನೆಯದು ಪರಿಚಯವಿಲ್ಲದ ಅಣು. ಆಲ್ಕೊಹಾಲುಗಳನ್ನೂ ಎಸ್ಟರುಗಳನ್ನೂ ನೋಡಿ ಕಲಿತ ಮಾದರಿಗೆ ಸಿಲಿಕಾನ್ ತುಂಬಿದ ಅಣು ಕೊಟ್ಟರೆ ಅದು ನಾಚಿಕೊಳ್ಳುವುದಿಲ್ಲ. ಥಟ್ಟನೆ ಉತ್ತರ ಕೊಡುತ್ತದೆ, ಎರಡು ದಶಮಾಂಶ ಸ್ಥಾನದವರೆಗೆ. ಅದಕ್ಕೇ 2004ರಲ್ಲಿ ಒಇಸಿಡಿ ಒಪ್ಪಿಕೊಂಡ ಐದು ತತ್ವಗಳಲ್ಲಿ ಒಂದು, ಮಾದರಿ ಯಾವ ಅಣುಗಳಿಗೆ ಅನ್ವಯಿಸುತ್ತದೆ ಅನ್ನುವ ಗಡಿಯನ್ನು ಹೇಳಲೇಬೇಕು ಅನ್ನುವುದು. ನನ್ನ ಮಟ್ಟಿಗೆ ಐದರಲ್ಲಿ ಇದೇ ಮುಖ್ಯ. "ಇದು ನನ್ನ ಗಡಿಯ ಹೊರಗಿದೆ" ಅಂತ ಹೇಳುವ ಮಾದರಿಯ ಮೇಲೆ ನನಗೆ ಜಾಸ್ತಿ ನಂಬಿಕೆ.

ಹಾಗಂತ ಉಳಿದಿದ್ದೆಲ್ಲ ಮತ್ತೆ ಮೊಲಕ್ಕೆ ಹೋಗುವುದಿಲ್ಲ. ಯುರೋಪಿನಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೆ 2013ರಿಂದ ಪೂರ್ತಿ ನಿಷೇಧವಿದೆ. ಕಂಪ್ಯೂಟರಿನ ಉತ್ತರ ಸಾಲದಿದ್ದರೆ ಮುಂದಿನ ಮೆಟ್ಟಿಲು ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ. ಮನುಷ್ಯರ ಜೀವಕೋಶಗಳಿಂದ ಬೆಳೆಸಿದ, ಉಗುರಿನಗಲದ ತುಣುಕು. ಅದರ ಮೇಲೆ ವಸ್ತು ಹಾಕಿ, ತೊಳೆದು, ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಎಂಟಿಟಿ ದ್ರಾವಣಕ್ಕೆ ಇಡುತ್ತಾರೆ. ಜೀವಂತ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ಸತ್ತವು ಮಾಡುವುದಿಲ್ಲ. ಬಣ್ಣ ಅಳೆದಾಗ ಅರ್ಧ ಅಥವಾ ಅದಕ್ಕಿಂತ ಕಡಿಮೆ ಕೋಶಗಳು ಬದುಕಿದ್ದರೆ ವಸ್ತು ಕೆರಳಿಸುವಂಥದ್ದು. ಇಲ್ಲಿ ಅಂಕ ಕೊಡುವುದು ಉಪಕರಣ, ಯಾರದೋ ಕಣ್ಣಂದಾಜು ಅಲ್ಲ. ಕಾರ್ನಿಯಾದ ಪದರಕ್ಕೂ ಇಂಥದ್ದೇ ಇದೆ. 2022ರಲ್ಲಿ ಬಂದ ಒಇಸಿಡಿಯ 467ನೆಯ ಮಾರ್ಗಸೂಚಿ ಕೆಲವು ಬಗೆಯ ದ್ರವಗಳಿಗೆ ಲಾಗ್-ಪಿಯಂಥ ಸಂಖ್ಯೆಗಳನ್ನೂ ಈ ಪ್ರಯೋಗಾಲಯದ ಫಲಿತಾಂಶಗಳನ್ನೂ ಒಂದೇ ನಿರ್ಧಾರದ ಮರದಲ್ಲಿ ಕೂರಿಸಿದೆ.

ಈಗ ಮತ್ತೆ ಆ ಎರಡು ಬಾಟಲಿಗಳ ಹತ್ತಿರ ಬರೋಣ. ನೆರೆಯವರನ್ನು ಕೇಳುವ ದಾರಿ ಹಿಡಿದು, ಅದೇ ಕೈಲೆಕ್ಕ ಮಾಡೋಣ. 1-ಪ್ರೊಪನಾಲ್‌ಗೆ ಒಂದು ಇಂಗಾಲ ಉದ್ದದ ನೆರೆ 1-ಬ್ಯುಟನಾಲ್. ಅದರಲ್ಲಿ 8 ತುಣುಕು, ಅದರೊಳಗೆ 1-ಪ್ರೊಪನಾಲ್‌ನ ಏಳೂ ಇವೆ. ಅಂಕ 0.88. ಲೇಬಲ್? ಅದಕ್ಕೂ ಕಣ್ಣಿಗೆ ಗಂಭೀರ ಹಾನಿ. 2-ಪ್ರೊಪನಾಲ್‌ನ ನೆರೆ 2-ಬ್ಯುಟನಾಲ್, ಅಂಕ 0.5. ಲೇಬಲ್ ಬರೀ ಕೆರಳಿಕೆ. ಮೊಲ ಮುಟ್ಟದೆ, ಎರಡೂ ಉತ್ತರ ಸರಿ!

ಆದರೆ ನಮ್ಮ ಕಡತದಲ್ಲಿ 1-ಬ್ಯುಟನಾಲ್ ಇಲ್ಲ ಅಂತ ಇಟ್ಟುಕೊಳ್ಳಿ. ಆಗ 1-ಪ್ರೊಪನಾಲ್ ಹತ್ತಿರದ ಇನ್ನೊಂದು ಮನೆಯ ಬಾಗಿಲು ತಟ್ಟುತ್ತದೆ. ಅದು ಎಥನಾಲ್, ಅಂಕ 0.63. ಎಥನಾಲ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಆಶ್ಚರ್ಯಸೂಚಕ ಚಿಹ್ನೆ, ವಾಸಿಯಾಗುವ ಉರಿ. ಕಂಪ್ಯೂಟರ್ ಅದನ್ನೇ ಇದಕ್ಕೂ ಬರೆದುಬಿಡುತ್ತದೆ. ಸೂತ್ರ ಅದೇ, ಲೆಕ್ಕವೂ ತಪ್ಪಿಲ್ಲ. ಕಡತದಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೇ.